ಬ್ರೇಕಮ್ಮನ ಸೀಟಿನ ವಾಸನೆ

ಲೈಸೆನ್ಸ್ ಪಾಸಾದ ಖುಷಿಗೆ ಚಾಕೊಲೇಟು ತರುವವರಿದ್ದಾರೆ, ಪೆನ್ನು ತರುವವರಿದ್ದಾರೆ, ಏನೂ ತರದೆ ಹಲ್ಲು ಕಿರಿದು ಹೋಗುವವರೂ ಇದ್ದಾರೆ. ಬ್ಯಾಂಕಿನ ಹೆಂಗಸು ಸೆಂಟಿನ ಬಾಟಲಿ ತಂದಳು. ಬಣ್ಣದ ಕಾಗದ ಸುತ್ತಿ, ಮೇಲೊಂದು ರಿಬ್ಬನ್ನು ಕಟ್ಟಿ, ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ ನಾಲ್ಕು ಜನರ ಎದುರಿಗೇ ಕಾರು ಕಲಿಸುವ ಬ್ರೇಕಮ್ಮನ ಕೈಗಿಟ್ಟು, ತಗ್ಗಿದ ದನಿಯಲ್ಲಿ, “ಮೇಡಂ, ತಪ್ಪು ತಿಳ್ಕೋಬೇಡಿ. ಈ ಸೆಕೇಲಿ ಎಲ್ಲರಿಗೂ ಆಗುತ್ತೆ” ಎಂದಳು.

ತಪ್ಪು ತಿಳಿಯಬೇಡಿ ಎಂದು ಶುರುವಾಗುವ ಮಾತಿನಲ್ಲಿ ಸರಿಯಾಗಿ ತಿಳಿಯುವಂಥದ್ದು ಏನಿರುತ್ತದೆ? ಬ್ರೇಕಮ್ಮ ಕಾಗದ ಬಿಚ್ಚಿದಳು. ಬಾಟಲಿ ನೋಡಿದಳು. ಕೌಂಟರಿನ ಹಿಂದೆ ಕೂತಿದ್ದ ಅತ್ತಿಗೆ ನಗು ಬರದ ಹಾಗೆ ತುಟಿ ಒತ್ತಿಕೊಂಡಿದ್ದನ್ನೂ ನೋಡಿದಳು. ಆಮೇಲೆ ತನಗೇ ಗೊತ್ತಿಲ್ಲದಂತೆ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

“ವಾಸನೆ ಕಾರಿಂದು” ಎಂದಳು. “ಎಸಿಯಿಂದ ಬರ್ತಿದೆ. ನಂದಲ್ಲ.”

“ಹೌದು ಮೇಡಂ, ಹೌದು ಮೇಡಂ” ಎಂದು ಬ್ಯಾಂಕಿನವಳು ತಲೆ ಆಡಿಸಿದಳು. ಸಣ್ಣ ಮಕ್ಕಳು ಚಂದ್ರನನ್ನು ಹಿಡಿದುಕೊಂಡು ಬರುತ್ತೇನೆಂದರೆ ದೊಡ್ಡವರು ತಲೆ ಆಡಿಸುತ್ತಾರಲ್ಲ, ಹಾಗೆ. ಬೆಂಚಿನ ಮೇಲೆ ಕೂತಿದ್ದ ಇನ್ನಿಬ್ಬರೂ ಆಡಿಸಿದರು. ಬೈದಿದ್ದರೆ ಬ್ರೇಕಮ್ಮ ತಿರುಗಿ ಬೈಯುತ್ತಿದ್ದಳು, ಅದು ಅವಳಿಗೆ ನೀರು ಕುಡಿದಷ್ಟು ಸಲೀಸು. ಹೌದೆನ್ನುವವರ ಹತ್ತಿರ ಏನೆಂದು ಜಗಳ ಆಡುವುದು? ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿ ಎದ್ದು ಹೋದಳು.

ಬ್ರೇಕಮ್ಮ ಎನ್ನುವುದು ಕಲಿಯಲು ಬಂದವರು ಬೆನ್ನ ಹಿಂದೆ ಇಟ್ಟ ಹೆಸರು, ನಿಧಾನವಾಗಿ ಮುಖದೆದುರಿಗೂ ಬಂತು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲ ಬಳಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇರುತ್ತವೆ. ಕಲಿಯುವವರು ಕಂಬಕ್ಕೋ ಕಾಂಪೌಂಡಿಗೋ ಗುರಿಯಿಟ್ಟಾಗ ಕಲಿಸುವವರು ಅದನ್ನು ತುಳಿದು ಎಲ್ಲರ ಜೀವ ಉಳಿಸಬೇಕು. ಇವಳು ಕಾಲಿನಿಂದ ತುಳಿಯುವ ಮೊದಲು ಬಾಯಿಂದ ತುಳಿಯುವವಳು. ಕೋಪ ಮೂಗಿನ ತುದಿಯಲ್ಲೇ. ಆದರೆ ಅವಳ ಹತ್ತಿರ ಕಲಿತವರು ಬೇರೆ ಕಡೆ ಕಲಿತವರ ಹಾಗೆ ಟೆಸ್ಟಿನಲ್ಲಿ ಕೈ ನಡುಗಿಸುತ್ತಿರಲಿಲ್ಲ. ಅವಳ ಬಾಯಿ ಕೇಳಿದ ಮೇಲೆ ಪರೀಕ್ಷೆ ಮಾಡುವ ಆಫೀಸರು ಅಜ್ಜನ ಹಾಗೆ ಕಾಣುತ್ತಿದ್ದ.

ಆ ಬಾಯಿಂದಲೇ ಒಂದು ಯಡವಟ್ಟೂ ಆಗಿತ್ತು. ಬೇಸಿಗೆಯ ಶುರುವಿನಲ್ಲಿ, ಸಿಗ್ನಲ್ಲಿನ ಹತ್ತಿರ, ಕಲಿಯುವವಳೊಬ್ಬಳಿಗೆ “ಕಣ್ಣು ಮನೇಲಿ ಬಿಟ್ಟು ಬಂದ್ರಾ” ಎಂದು ಕೂಗಿದ್ದು ರಸ್ತೆ ದಾಟುತ್ತಿದ್ದ ಒಬ್ಬ ಕನ್ನಡಕದವನಿಗೆ ಕೇಳಿಸಿ, ಅವನು ಅದನ್ನು ತನಗೇ ಎಂದುಕೊಂಡು ಆಫೀಸಿನವರೆಗೂ ಜಗಳಕ್ಕೆ ಬಂದಿದ್ದ. ಸ್ಕೂಲು ಅವಳ ಅಣ್ಣನದು. ಅವನು ಕನ್ನಡಕದವನಿಗೆ ಕೈ ಮುಗಿದು ಕಳಿಸಿ, ತಂಗಿಗೆ ಒಂದು ಕಾನೂನು ಮಾಡಿದ.

“ಇನ್ಮೇಲೆ ಗ್ಲಾಸು ಏರಿಸಿರ್ಬೇಕು. ಎಸಿ ಹಾಕ್ಕೋ, ಒಳಗಿನ ಗಾಳಿನೇ ತಿರುಗೋ ಬಟನ್ ಒತ್ತು. ನಿನ್ನ ಬಾಯಿ ಬೀದಿಗೆ ಕೇಳಬಾರ್ದು.”

ಅಂದಿನಿಂದ ಆ ಕಾರು ಮುಚ್ಚಿದ ಡಬ್ಬಿಯಾಯಿತು. ಬೆಳಗ್ಗೆಯಿಂದ ಸಂಜೆಯ ತನಕ ಅದೇ ಗಾಳಿ, ಅದೇ ಉಸಿರು, ಅದೇ ಬೈಗುಳ ಒಳಗೊಳಗೇ ಸುತ್ತತೊಡಗಿದವು. ಕೆಲವು ವಾರಗಳಲ್ಲಿ ವಾಸನೆ ಹುಟ್ಟಿತು. ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ತುರುಕಿ ಮರೆತರೆ ಬರುತ್ತದಲ್ಲ, ಅಂಥ ಮುಗ್ಗಲು ವಾಸನೆ. ಹಲ್ಲಿನ ಡಾಕ್ಟರಮ್ಮ ಒಬ್ಬಳು ಕಲಿಯಲು ಬರುತ್ತಿದ್ದಳು. ಅವಳು ಒಂದು ದಿನ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಸ್ಟೀರಿಂಗ್ ಹಿಡಿದಳು. ಕ್ಲಿನಿಕ್ಕಿನಿಂದ ನೇರ ಬಂದಿದ್ದಾಳೇನೋ ಎಂದು ಬ್ರೇಕಮ್ಮ ಸುಮ್ಮನಿದ್ದಳು. ಬ್ಯಾಂಕಿನವಳು ತಿರುವಿನಲ್ಲೆಲ್ಲ ಉಸಿರು ಕಟ್ಟಿಕೊಂಡು, ಉಸಿರು ಬಿಡುವಾಗ ಕ್ಲಚ್ಚನ್ನೂ ಬಿಟ್ಟು ಕಾರು ನಿಲ್ಲಿಸುತ್ತಿದ್ದಳು. ಹೊಸದಾಗಿ ಸೇರಿದ ಇಬ್ಬರು ಮೊದಲ ಕ್ಲಾಸಿನ ನಂತರ ಫೋನು ಎತ್ತಲಿಲ್ಲ.

ಇದರಲ್ಲಿ ಕೆಟ್ಟದ್ದು ಏನೆಂದರೆ, ಆ ವಾಸನೆ ಬ್ರೇಕಮ್ಮನಿಗೆ ಬರುತ್ತಲೇ ಇರಲಿಲ್ಲ. ದಿನವಿಡೀ ಅದರೊಳಗೇ ಕೂತವಳ ಮೂಗು ಎಂದೋ ರಾಜೀನಾಮೆ ಕೊಟ್ಟು ಹೋಗಿತ್ತು. ಮಾಸ್ಕಿನವಳನ್ನು ಕೊನೆಗೆ ಗದರಿಸಿ ಕೇಳಿದಾಗಲೇ ವಿಷಯ ತಿಳಿದದ್ದು. ಕಾರನ್ನು ತಾನೇ ಎಸಿ ರಿಪೇರಿಯವನ ಹತ್ತಿರ ಒಯ್ದಳು. ಅವನು ಡ್ಯಾಶ್‌ಬೋರ್ಡಿನ ಹಿಂದಿನ ಫಿಲ್ಟರ್ ಎಳೆದು ತೋರಿಸಿದ, ಅದು ಒಲೆಯ ಮಸಿಬಟ್ಟೆಯಂತಿತ್ತು. ಹೊಸದು ಹಾಕಿದ, ಗಾಳಿ ಬರುವ ಕಿಂಡಿಗಳಿಗೆಲ್ಲ ನೊರೆ ಹೊಡೆದ, “ಇನ್ನು ಕಾರಲ್ಲಿ ಏನೂ ಇಲ್ಲ ಮೇಡಂ, ಹೂವಿನ ಹಾಗಿದೆ” ಎಂದ. ಹೂವು ಒಂದು ವಾರ ಇತ್ತು. ಆಮೇಲೆ ಡಾಕ್ಟರಮ್ಮನ ಮಾಸ್ಕು ಮತ್ತೆ ಮೇಲೇರಿತು. ಈಗ ಸೆಂಟಿನ ಬಾಟಲಿಯೂ ಬಂತು.

ಬಾಟಲಿ ಬಂದ ಸಂಜೆಯೇ ಅಣ್ಣ ಅವಳನ್ನು ಕೂರಿಸಿಕೊಂಡ. ಅತ್ತಿಗೆ ಕೌಂಟರಿನಲ್ಲಿ ರಸೀದಿ ಜೋಡಿಸುವ ನೆಪದಲ್ಲಿ ಕಿವಿಯನ್ನೆಲ್ಲ ಈ ಕಡೆ ಇಟ್ಟಿದ್ದಳು.

“ಬೇಜಾರು ಮಾಡ್ಕೋಬೇಡ” ಎಂದ ಅಣ್ಣ.

“ಮಾಡ್ಕೊಂಡಾಯ್ತು. ಮುಂದೆ ಹೇಳು.”

“ಕಾರು ಕ್ಲೀನ್ ಮಾಡ್ಸಿದ್ವಿ. ಆದ್ರೂ ಜನ ಹೇಳ್ತಿದಾರೆ. ದಿನಾ ಸಂಜೆ ನಾನೇ ಆ ಕಾರು ಓಡಿಸ್ಕೊಂಡು ಮನೆಗೆ ಹೋಗ್ತೀನಿ, ನಂಗೇನೂ ಬರಲ್ಲ.”

“ನೀನು ನಾಲ್ಕೂ ಗ್ಲಾಸು ಇಳಿಸ್ಕೊಂಡು ಹೋಗ್ತೀಯ. ಬಿರುಗಾಳೀಲಿ ಕೂತು ವಾಸನೆ ಇಲ್ಲ ಅಂದ್ರೆ?”

ಅತ್ತಿಗೆ ರಸೀದಿಯಿಂದ ತಲೆ ಎತ್ತದೆ ಹೇಳಿದಳು, “ಕಾರಲ್ಲಿ ಏನೂ ಇಲ್ಲ ಅಂತ ಎಸಿಯವನೇ ಹೇಳಿದ್ನಲ್ಲ. ಕಾರನ್ನ ಬಿಟ್ರೆ ಒಳಗೆ ಇನ್ನೇನಿರುತ್ತೆ, ನೀನೇ ಹೇಳು. ಬೆಂಕಿ ಇಲ್ದೆ ಹೊಗೆ ಬರುತ್ತಾ?”

“ಅತ್ತಿಗೆ, ನಾನು ದಿನಕ್ಕೆರಡು ಸಲ ಸ್ನಾನ ಮಾಡ್ತೀನಿ.”

“ಮಾಡಲ್ಲ ಅಂತ ನಾನೆಲ್ಲಿ ಅಂದೆ?” ಎಂದಳು ಅತ್ತಿಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಲೋಕದಲ್ಲಿ ಇದ್ದೇ ಇದ್ದಾರೆ. ಬರೆ ಹಾಕುವವನು ಒಡಹುಟ್ಟಿದವನಾದರೆ ಎಮ್ಮೆ ಎಲ್ಲಿಗೆ ಹೋಗಬೇಕು? ಅಣ್ಣ ಟೇಬಲ್ಲಿನ ಗಾಜಿನ ಮೇಲೆ ಬೆರಳಾಡಿಸುತ್ತ, ಅವಳ ಮುಖ ನೋಡದೆ ಹೇಳಿದ:

“ಸೋಮವಾರದಿಂದ ನೀನು ಕೌಂಟರ್ ನೋಡ್ಕೋ. ಕಾರಿಗೆ ಇವಳ ತಮ್ಮ ಬರ್ತಾನೆ. ಸ್ವಲ್ಪ ದಿನದ ಮಟ್ಟಿಗೆ ಅಷ್ಟೇ.”

ಸ್ವಲ್ಪ ದಿನದ ಮಟ್ಟಿಗೆ ಎಂದು ಬಂದವರು ಯಾವ ಕುರ್ಚಿಯಿಂದ ಎದ್ದು ಹೋಗಿದ್ದಾರೆ? ಅತ್ತಿಗೆಯ ತಮ್ಮ ಎರಡು ಕೆಲಸ ಬಿಟ್ಟು ಮೂರನೆಯದನ್ನು ಹುಡುಕುತ್ತಿದ್ದವನು. ಆ ಕೌಂಟರನ್ನು ಬ್ರೇಕಮ್ಮ ಚೆನ್ನಾಗಿ ಬಲ್ಲಳು. ಮದುವೆಯಾದ ಹೊಸದರಿಂದ ಅಲ್ಲಿಯೇ ಕೂತು, ಅತ್ತಿಗೆ ಹೇಳಿದಂತೆ ಹೆಸರು ಬರೆದುಕೊಂಡು, ಫೋಟೊ ಅಂಟಿಸಿಕೊಂಡು ವರ್ಷಗಳನ್ನು ಕಳೆದವಳು. ಕಾರು ಕಲಿಯಬೇಕೆಂದು ಬಂದ ಹೆಂಗಸರು, ಕಲಿಸುವವನು ಗಂಡಸು ಎಂದು ತಿಳಿದು ವಾಪಸ್ಸು ಹೋಗುವುದನ್ನು ಅಲ್ಲಿಂದಲೇ ನೋಡುತ್ತಿದ್ದಳು. ನಾನು ಕಲಿಸುತ್ತೇನೆ ಎಂದಾಗ ಎಲ್ಲರೂ ನಕ್ಕಿದ್ದರು. ಅವಳು ಮೊದಲು ತಾನು ಕಲಿತು, ಕಲಿಸುವವರ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಾಸಾಗಿ ಬಂದಳು. ಆಗ ಅಣ್ಣ ಒಬ್ಬನೇ ನಗಲಿಲ್ಲ. ಹಳೆಯ ಕಾರೊಂದನ್ನು ತಂದು, ಗ್ಯಾರೇಜಿನವರು ಬೇಡ, ಅವರಿಗೆ ಇದೆಲ್ಲ ಏನು ಗೊತ್ತು ಎಂದು ತಾನೇ ಅಂಗಿ ಕಳಚಿ ಕಾರಿನಡಿ ಮಲಗಿ, ಪಕ್ಕದ ಸೀಟಿಗೆ ಎರಡನೆಯ ಬ್ರೇಕು, ಕ್ಲಚ್ಚು ಕೂರಿಸಿದ. “ತುಳಿದು ನೋಡು. ಆನೆ ಬಂದ್ರೂ ನಿಲ್ಲುತ್ತೆ” ಎಂದಿದ್ದ. ಅವಳು ತುಳಿದಿದ್ದಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಅದೇ ಅಣ್ಣ ಈಗ ಆ ಸೀಟಿನಿಂದ ಏಳು ಎನ್ನುತ್ತಿದ್ದ, ಅದೂ ನಾರುತ್ತೀಯ ಎಂಬ ಕಾರಣಕ್ಕೆ.

ಮನೆಗೆ ಬಂದವಳು ಮುಖ ತೊಳೆದುಕೊಂಡು ಗಂಡನ ಮುಂದೆ ಹೋಗಿ ನಿಂತಳು. ಗಂಡ ಗಡಿಯಾರ ರಿಪೇರಿ ಮಾಡುವವನು, ಮಾತನ್ನೂ ಚಿಮಟದಲ್ಲಿ ಎತ್ತಿ ಇಡುವ ಸ್ವಭಾವ.

“ನಿಜ ಹೇಳಿ. ನನ್ನ ಮೈ ವಾಸನೆ ಬರುತ್ತಾ?”

ಅವನು ಒಂದು ಕ್ಷಣ ತಡೆದು, “ಇಲ್ಲಪ್ಪ” ಎಂದ.

ಗಡಿಯಾರದವನಿಗೆ ಒಂದು ಕ್ಷಣ ಎಷ್ಟು ಉದ್ದ ಎಂದು ಗೊತ್ತಿರಬೇಕಿತ್ತು. ಅವಳು ಅವನ ಮುಖವನ್ನೇ ನೋಡಿದಳು. ಅವನ ಕಣ್ಣು ತಪ್ಪಿಸಿಕೊಂಡು ಬಾಗಿಲಿನ ಕಡೆ ಹೋಯಿತು. ಅವಳೂ ಆ ಕಡೆ ನೋಡಿದಳು. ಎಲ್ಲರ ಚಪ್ಪಲಿ, ಶೂಗಳು ಬಾಗಿಲ ಒಳಗಿನ ಗೂಡಿನಲ್ಲಿದ್ದವು. ಈಗಷ್ಟೇ ಗೂಡಿನಲ್ಲಿ ಬಿಟ್ಟಿದ್ದ ಅವಳ ಶೂ ಆಗಲೇ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಿತ್ತು.

“ಯಾವಾಗಿಂದ ಹೊರಗಿಡ್ತಿದೀರಿ?”

“ಅದು... ಸ್ವಲ್ಪ ಗಾಳಿ ಆಡ್ಲಿ ಅಂತ.”

“ಹೇಳೋಕೇನಾಗಿತ್ತು ನಿಮಗೆ?”

“ನಿನಗೆ ಹೇಳೋದಾ?” ಎಂದು ಅವನು ಬಹಳ ನಿಜವಾದ ಭಯದಿಂದ ಕೇಳಿದ.

ಅವಳು ಶೂ ಎರಡನ್ನೂ ಎತ್ತಿಕೊಂಡು ಹೋಗಿ ಬೀದಿಯ ಕಸದ ಡಬ್ಬಿಗೆ ಒಗೆದಳು. ಸ್ನಾನದ ಮನೆಗೆ ಹೋಗಿ ಬಾಗಿಲು ಬಡಿದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕದಿಯದವಳೂ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಮಾಡಿದ್ದರಲ್ಲ, ಅದಕ್ಕೇನೆನ್ನಬೇಕು. ಅವಳು ಹೆಗಲು ಮೂಸಿದಳು, ಮೊಣಕೈ ಮೂಸಿದಳು, ಜಡೆಯ ತುದಿ ಮೂಸಿದಳು. ಸೋಪಿನ ವಾಸನೆ ಬಿಟ್ಟರೆ ಏನೂ ತಿಳಿಯಲಿಲ್ಲ. ನಂಬುವುದಕ್ಕೆ ಈಗ ಅವಳ ಹತ್ತಿರ ತನ್ನ ಮೂಗೂ ಇರಲಿಲ್ಲ. ಇರಬಹುದೇನೋ, ನಂದೇ ಇರಬಹುದೇನೋ ಎನ್ನಿಸಿದ ಗಳಿಗೆಯಲ್ಲಿ ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನೂ ಕೋಪ ಬಂತು.

ಮರುದಿನ ಶನಿವಾರ ಬೆಳಗ್ಗೆ, ಶೂ ಇಲ್ಲದ ಕಾರಣ ಮನೆಯಲ್ಲಿ ಹಾಕುವ ತೆಳು ಚಪ್ಪಲಿಯಲ್ಲೇ ಸ್ಕೂಲಿಗೆ ಹೋದಳು. ಅಣ್ಣ ಆಗಷ್ಟೇ ಅತ್ತಿಗೆಯನ್ನು ಕರೆದುಕೊಂಡು ಬಂದು ಕಾರು ನಿಲ್ಲಿಸಿದ್ದ. ಬೆಳಬೆಳಗ್ಗೆಯೇ ಬಿಸಿಲು ಸುಡುತ್ತಿತ್ತು. ಅತ್ತಿಗೆಗೆ ಬೆವರಿದರೆ ಆಗುವುದಿಲ್ಲ, ಹಾಗಾಗಿ ಬೆಳಗಿನ ಹೊತ್ತು ಗಂಡ ಹೆಂಡತಿ ಎಸಿ ಹಾಕಿಕೊಂಡೇ ಬರುತ್ತಿದ್ದರು, ಗ್ಲಾಸು ಮಾತ್ರ ಅರ್ಧ ಇಳಿಸಿಕೊಂಡು. ಅದೇ ಹೊತ್ತಿಗೆ ಪಕ್ಕದ ಔಷಧದ ಅಂಗಡಿಯವನೂ ಬಂದು ತನ್ನ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಅವನ ಕಾರಿನಡಿಯಿಂದ ನೀರು ತೊಟ್ಟಿಕ್ಕಿ ಸಿಮೆಂಟಿನ ಮೇಲೆ ಒಂದು ಒದ್ದೆ ಗುರುತು ಹರಡುತ್ತಿತ್ತು. ಎಸಿ ಓಡಿದ ಕಾರು ಹಾಗೆ ನೀರು ಬಿಡುವುದನ್ನು ಅವಳು ಎಷ್ಟು ಸಲ ನೋಡಿಲ್ಲ, ಕಲಿಯುವವರು “ಮೇಡಂ, ಕಾರು ಸೋರ್ತಿದೆ” ಎಂದು ಹೆದರಿದಾಗ ಎಷ್ಟು ಸಲ ಹೇಳಿಲ್ಲ, ಅದು ಎಸಿ ನೀರು ಕಣ್ರೀ, ಒಳಗಿನ ತೇವ ಹೊರಗೆ ಹೋಗುತ್ತೆ ಎಂದು.

ತಮ್ಮ ಕಾರಿನ ಅಡಿ ನೋಡಿದಳು. ಒಂದು ತೊಟ್ಟೂ ಇಲ್ಲದೆ ಒಣಗಿತ್ತು.

ದಿನವಿಡೀ ಎಸಿ ಓಡುವ ಕಾರು ಇದು. ಬೀದಿಯಲ್ಲಿ ಎಲ್ಲ ಕಾರಿಗಿಂತ ಹೆಚ್ಚು ನೀರು ಬಿಡಬೇಕಾದ ಕಾರು. ಹಾಗಾದರೆ ಆ ನೀರೆಲ್ಲ ಎಲ್ಲಿ ಹೋಗುತ್ತಿದೆ? ಅವಳು ತನ್ನ ಸೀಟಿನ ಬಾಗಿಲು ತೆಗೆದು ಕೂತು, ರಬ್ಬರ್ ಮ್ಯಾಟಿನ ಅಂಚಿನಡಿ ಚಪ್ಪಲಿಯ ಕಾಲು ತುರುಕಿದಳು. ಕಾರ್ಪೆಟ್ಟು ಒತ್ತಿದಾಗ ಪಚ್ ಎಂದಿತು. ತಣ್ಣನೆಯ ನೀರು ಬೆರಳುಗಳ ಸಂದಿಯಲ್ಲಿ ಏರಿತು. ದಪ್ಪ ಶೂ ಹಾಕಿಕೊಂಡು ಮ್ಯಾಟಿನ ಮೇಲೆ ಕಾಲಿಟ್ಟವಳಿಗೆ ಇಷ್ಟು ದಿನ ಇದು ತಿಳಿದಿರಲೇ ಇಲ್ಲ. ತೇವ ಕೆಳಗಿನಿಂದ ಶೂವಿನ ಹೊಲಿಗೆಗಳೊಳಗೆ ಇಳಿದು, ಅವಳ ಜೊತೆಗೇ ಮನೆಗೆ ನಡೆದು ಹೋಗುತ್ತಿತ್ತು.

ಅವಳು ಒದ್ದೆ ಕಾಲಿನಲ್ಲೇ ಆಫೀಸಿಗೆ ನುಗ್ಗಿದಳು. ಬೆಂಚಿನ ಮೇಲೆ ಡಾಕ್ಟರಮ್ಮ ತನ್ನ ಸರದಿಗೆ ಕಾದಿದ್ದಳು. ಅವಳ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟು ಅತ್ತಿಗೆಯ ತಮ್ಮ ಕೂತಿದ್ದ. ಸೋಮವಾರದ ತನಕ ಕಾಯಲಾರದೆ ಕಾರು ನೋಡಲು ಬಂದಿದ್ದನಂತೆ.

“ಅಣ್ಣ, ನನ್ನ ಸೀಟಿನ ಕೆಳಗೆ ಕಾರ್ಪೆಟ್ ಪೂರ್ತಿ ಒದ್ದೆ. ಎಸಿ ನೀರು ಹೊರಗೆ ಹೋಗ್ತಿಲ್ಲ, ಒಳಗೇ ಇಳೀತಿದೆ.”

ಅಣ್ಣ ಫೋನಿನಿಂದ ತಲೆ ಎತ್ತಿದ. “ನೀರಿನ ಬಾಟ್ಲಿ ಚೆಲ್ಲಿರ್ತೀಯ.”

“ನಾನು ಚೆಲ್ಲಿಲ್ಲ.”

“ನಿನ್ನ ಕೈ ಸುಮ್ನಿರುತ್ತಾ? ಬೈಯುವಾಗ ಬಾಟ್ಲಿ ಹಿಡ್ಕೊಂಡೇ ಬೈತೀಯ. ಹೋಗ್ಲಿ ಬಿಡು, ಬಿಸಿಲಿಗೆ ಒಣಗುತ್ತೆ.”

ಉರಿಯುವ ಬೆಂಕಿಗೆ ತುಪ್ಪ ಹಾಕುವುದಕ್ಕೆ ಇವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬ್ರೇಕಮ್ಮ ಟೇಬಲ್ಲಿನ ಮೇಲಿದ್ದ ಕೀಲಿ ತೆಗೆದುಕೊಂಡಳು. ಕೂಗಲಿಲ್ಲ. ಅವಳ ದನಿ ಇಳಿದಿತ್ತು, ಅದನ್ನು ಬಲ್ಲವರಿಗೆ ಅದು ಕೂಗಿಗಿಂತ ಕೆಟ್ಟದ್ದು.

“ಬಾ. ನೀನು ನನ್ನ ಸೀಟಲ್ಲಿ ಕೂತ್ಕೋ. ನಾನು ಓಡಿಸ್ತೀನಿ. ಗ್ಲಾಸು ಏರಿಸಿ, ಎಸಿ ಹಾಕಿ, ಒಂದು ಸುತ್ತು. ನೀನೇ ಮಾಡಿದ ಕಾನೂನಲ್ವಾ.”

“ನಂಗೆ ಕೆಲಸ ಇದೆ.”

“ನನ್ನ ಕೆಲಸ ತೆಗೀತಿದೀಯಲ್ಲ, ನಿನ್ನದು ಕಾಯ್ಲಿ.”

ಬೆಂಚಿನವರ ಎದುರಿಗೆ ಬೇಡವೆನ್ನಲು ಅಣ್ಣನಿಗೆ ಆಗಲಿಲ್ಲ. ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತ. ಪಾಲಿಶ್ ಹಾಕಿದ ಕಪ್ಪು ಶೂ ಎರಡನ್ನೂ ತಾನೇ ಕೂರಿಸಿದ ಬ್ರೇಕು, ಕ್ಲಚ್ಚಿನ ಪಕ್ಕ ಜೋಡಿಸಿಕೊಂಡ. ಗ್ಲಾಸು ಏರಿತು. ಎಸಿ ಗುಂಯ್ ಎಂದಿತು. ಮೊದಲ ತಿರುವಿಗೆ ಬರುವ ಮೊದಲೇ ಅವನ ಮೂಗಿನ ಹೊಳ್ಳೆ ಅಲುಗಿದ್ದನ್ನು ಬ್ರೇಕಮ್ಮ ಓರೆಗಣ್ಣಿನಲ್ಲಿ ನೋಡಿದಳು.

“ಬಂತಾ?”

“ಏನು?”

“ನಾನು ಸ್ನಾನ ಮಾಡಿ ಬಂದಿದೀನಿ. ಹೊಸ ಸೋಪು. ಬಂತಾ ವಾಸನೆ?”

“ನಿಧಾನ ಓಡ್ಸು” ಎಂದ ಅಣ್ಣ.

ಅವಳು ನಿಧಾನ ಓಡಿಸಲಿಲ್ಲ. ಇಷ್ಟು ವರ್ಷ ತನ್ನ ಪಕ್ಕ ಕೂತು ಕಲಿತವರ ತಪ್ಪುಗಳನ್ನೆಲ್ಲ ಒಟ್ಟು ಮಾಡಿ ಅಂದು ಓಡಿಸಿದಳು. ಬಸ್ಸಿನ ಹಿಂದೆ ಮೂಗು ತಾಗುವಷ್ಟು ಹೋಗಿ ನಿಂತಳು, ಕ್ಲಚ್ಚು ರಪ್ಪನೆ ಬಿಟ್ಟು ಕಾರನ್ನು ಎಗರಿಸಿದಳು. ಅಣ್ಣ ಎರಡು ಕೈಯಲ್ಲೂ ಮೇಲಿನ ಹಿಡಿಕೆ ಹಿಡಿದು ಬ್ರೇಕು ತುಳಿಯುತ್ತಿದ್ದ. ತುಳಿದಾಗಲೆಲ್ಲ ಅವನ ಕಾಲಿನ ಬಳಿ ಕಿರಕ್ ಎಂದು ಏನೋ ಅಲುಗುತ್ತಿತ್ತು.

“ತಲೆ ಕೆಟ್ಟಿದ್ಯಾ ನಿಂಗೆ?”

“ಮೂಗು ಕೆಟ್ಟಿದೆ. ತಲೆ ಸರಿಯಾಗೇ ಇದೆ. ನನ್ನನ್ನ ಒಂದು ಮಾತು ಕೇಳಿದ್ಯಾ ಅಣ್ಣ? ನನ್ನ ಸೀಟಲ್ಲಿ ಒಂದು ಸಲ ಕೂತು ನೋಡಿದ್ಯಾ? ಎಸಿಯವನ ಮಾತು ಕೇಳ್ದೆ, ಬ್ಯಾಂಕಿನವಳ ಮಾತು ಕೇಳ್ದೆ, ಅತ್ತಿಗೆ ಮಾತು ಕೇಳ್ದೆ.”

ಊರ ಹೊರಗೆ ಅವರು ರಿವರ್ಸ್ ಕಲಿಸುವ ಖಾಲಿ ಬಯಲು ಬಂತು. ಅವಳು ವೇಗ ಕಡಿಮೆ ಮಾಡದೆ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ಎಳೆದಳು. ಕಲಿಯುವವರ ಕಾರು ಹಾಗೆ ಜೋರಾಗಿ ತಿರುಗಿದ್ದು ಅದರ ಆಯುಸ್ಸಿನಲ್ಲೇ ಇರಲಿಲ್ಲ. ಅಣ್ಣ ಜೀವಭಯದಿಂದ ಎರಡೂ ಕಾಲಲ್ಲಿ ಬ್ರೇಕನ್ನು ಒದ್ದ. ಕಾರು ಧೂಳೆಬ್ಬಿಸಿ ನಿಂತಿತು. ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಏನೋ ಟಪ್ ಎಂದು ಬಿಟ್ಟುಕೊಂಡಿತು. ಮರುಕ್ಷಣ ಬೂದುಬಣ್ಣದ ಲೋಳೆ ನೀರು ದಬದಬನೆ ಸುರಿದು ಅವನ ಶೂ, ಕಾಲುಚೀಲ, ಪ್ಯಾಂಟಿನ ಅಂಚು ಎಲ್ಲವನ್ನೂ ತೋಯಿಸಿತು. ವಾಸನೆ ಹೇಗಿತ್ತೆಂದರೆ, ರಾಜೀನಾಮೆ ಕೊಟ್ಟು ಹೋಗಿದ್ದ ಬ್ರೇಕಮ್ಮನ ಮೂಗು ಕೂಡ ವಾಪಸ್ಸು ಕೆಲಸಕ್ಕೆ ಬಂತು.

ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. ಆಳವಾಗಿ ಎಳೆದುಕೊಂಡಳು. ಇದು. ಇಷ್ಟು ದಿನ ತನ್ನ ಮೈಯದೆಂದು ಹೇಳಿದ್ದು ಇದನ್ನು.

ಅಣ್ಣ ಬಾಗಿಲು ತೆಗೆದು ಹೊರಗೆ ಹಾರಿದ. ಕಾಲು ಕೊಡವಿಕೊಂಡ. ಸ್ವಲ್ಪ ಹೊತ್ತಿಗೆ, ಯಂತ್ರದ ಕೆಲಸ ಬಲ್ಲೆನೆನ್ನುವವನ ಕುತೂಹಲ ತಡೆಯದೆ, ಮೊಣಕಾಲೂರಿ ಮ್ಯಾಟು ಎಳೆದು ಹಾಕಿ, ಕಾರ್ಪೆಟ್ಟು ಎತ್ತಿ, ಫೋನಿನ ಬೆಳಕು ಬಿಟ್ಟು ನೋಡಿದ. ಅವನ ಹೆಗಲ ಮೇಲಿಂದ ಬ್ರೇಕಮ್ಮನೂ ಬಗ್ಗಿದಳು. ಎಸಿಯ ನೀರನ್ನು ಹೊರಗೆ ಬಿಡುವ ರಬ್ಬರ್ ಪೈಪು ಅಲ್ಲಿಂದಲೇ ಹೋಗುತ್ತಿತ್ತು. ಎರಡನೆಯ ಬ್ರೇಕನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿ ಅದರ ಮೇಲೆಯೇ ಕೂತು, ಬೋಲ್ಟು ಬಿಗಿದಲ್ಲಿ ಅದನ್ನು ಅಪ್ಪಚ್ಚಿ ಮಾಡಿತ್ತು. ಪೈಪಿನ ಮೇಲ್ತುದಿ ಈಗ ಕಿತ್ತುಕೊಂಡು ಬಂದು ಬಾಯಿ ತೆರೆದು ನೇತಾಡುತ್ತಿತ್ತು. ಗ್ಲಾಸು ಇಳಿಸಿ ಓಡುತ್ತಿದ್ದ ವರ್ಷಗಳಲ್ಲಿ ಎಸಿಗೆ ಕೆಲಸವಿರಲಿಲ್ಲ, ಯಾರಿಗೂ ತಿಳಿಯಲಿಲ್ಲ. ಗ್ಲಾಸು ಏರಿಸಿದ ದಿನದಿಂದ ನೀರು ಹೋಗಲು ಜಾಗವಿಲ್ಲದೆ ಅವಳ ಕಾಲಡಿ ಇಳಿಯತೊಡಗಿತ್ತು.

ಪಟ್ಟಿ ಅವನು ಕೂರಿಸಿದ್ದು. ಬೋಲ್ಟು ಅವನು ಬಿಗಿದದ್ದು. ಗ್ಲಾಸಿನ ಕಾನೂನೂ ಅವನದೇ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಗಾದೆಯಲ್ಲಿ ಮಾಡಿದವನು ತಾನೇ ಉಣ್ಣಬೇಕು. ಇಲ್ಲಿ ಮಾಡಿದವನು ಅಣ್ಣ, ಇಷ್ಟು ದಿನ ಉಂಡವಳು ತಂಗಿ.

“ನೋಡಿ ಹಾಕ್ಬೇಕಿತ್ತು” ಎಂದ ಅಣ್ಣ, ಯಾರೋ ಬೇರೆಯವರು ಹಾಕಿದ್ದರೆಂಬಂತೆ. ಡಿಕ್ಕಿಯಿಂದ ಸ್ಪ್ಯಾನರ್ ತಂದು ಬೋಲ್ಟು ಸಡಿಲಿಸಿದ, ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಬಿಗಿದ, ಬ್ರೇಕು ತುಳಿದು ನೋಡಿದ, ಪೈಪಿನ ತುದಿಯನ್ನು ಅದರ ಜಾಗಕ್ಕೆ ತಳ್ಳಿದ. ಕೈ ಒರೆಸಿಕೊಳ್ಳುತ್ತ ಎದ್ದು ನಿಂತು, “ಕಾರ್ಪೆಟ್ ಬದಲಾಯಿಸಿದ್ರೆ ಆಯ್ತು. ಕೌಂಟರ್ ಮಾತು ಬಿಡು, ನೀನೇ ಕಾರಲ್ಲಿರು. ಆದ್ರೆ ಇದನ್ನ ಎಲ್ಲರ ಮುಂದೆ ಹೇಳ್ತಾ ಹೋಗ್ಬೇಡ. ಬ್ರೇಕ್ ಸರಿಯಾಗಿ ಕೂರ್ಸಿಲ್ಲ ಅಂದ್ರೆ ಸ್ಕೂಲಿನ ಹೆಸರು ಹಾಳಾಗುತ್ತೆ” ಎಂದ.

ಸೀಟು ವಾಪಸ್ಸು ಬಂದಿತ್ತು. ಅಷ್ಟಕ್ಕೆ ಸಂತೋಷ ಪಡಬೇಕಾಗಿತ್ತು. ಸಂತೋಷ ಬರಲೇ ಇಲ್ಲ.

“ಸ್ಕೂಲಿಗೆ ಹೆಸರಿದೆ. ನಂಗಿಲ್ವಾ?”

“ಹಾಗಲ್ಲ ಕಣೇ...”

“ಹೇಗೆ ಮತ್ತೆ? ನಾಲ್ಕು ಜನರ ಎದುರಿಗೆ ನನ್ನ ಕೈಗೆ ಸೆಂಟ್ ಬಾಟ್ಲಿ ಕೊಟ್ಟಾಗ ನೀನು ಒಳಗೇ ಇದ್ದೆ. ಕಾರಿಂದು ಅಂತ ನಾನು ಹೇಳ್ದಾಗ ನೀನು ಒಂದು ಸಲ ಹೌದು ಅಂದಿದ್ರೆ ಸಾಕಿತ್ತು. ನಮ್ಮ ಮನೇಲಿ ನನ್ನ ಶೂ ಮೆಟ್ಟಿಲ ಮೇಲೆ ಮಲಗ್ತಿದೆ. ಯಾರ್ಯಾರಿಗೆ ಗೊತ್ತೋ ಅವರಿಗೆಲ್ಲ ನೀನೇ ಹೇಳ್ಬೇಕು, ವಾಸನೆ ಇವಳದಲ್ಲ ಅಂತ. ಇವತ್ತೇ, ಈಗ್ಲೇ.”

“ಆಯ್ತು, ಆಯ್ತು. ಹೇಳ್ತೀನಿ.”

ಅವನು ಅದನ್ನು ಜಗಳ ಮುಗಿಸುವುದಕ್ಕೆ ಹೇಳಿದ್ದು. ಇಬ್ಬರಿಗೂ ಅದು ಗೊತ್ತಿತ್ತು. ವಾಪಸ್ಸು ಬರುವಾಗ ಎಸಿ ಆರಿಸಿ ನಾಲ್ಕೂ ಗ್ಲಾಸು ಇಳಿಸಿದ್ದರು.

ಆಫೀಸಿನಲ್ಲಿ ಫ್ಯಾನು ತಿರುಗುತ್ತಿತ್ತು. ಅಣ್ಣ ಮುಂದೆ, ಬ್ರೇಕಮ್ಮ ಹಿಂದೆ. ಅವನ ಶೂ ಹೆಜ್ಜೆಹೆಜ್ಜೆಗೂ ಪಚಕ್ ಪಚಕ್ ಎನ್ನುತ್ತಿತ್ತು. ಅವನು ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಫ್ಯಾನು ತನ್ನ ಕೆಲಸ ಮಾಡಿತು. ಡಾಕ್ಟರಮ್ಮ ಗಲ್ಲದ ಕೆಳಗಿದ್ದ ಮಾಸ್ಕನ್ನು ಮೆಲ್ಲಗೆ ಮೇಲೆಳೆದುಕೊಂಡಳು. ಅತ್ತಿಗೆಯ ತಮ್ಮ ಬೆಂಚಿನ ಆ ತುದಿಗೆ ಸರಿದ. ಅತ್ತಿಗೆ ತಲೆ ಎತ್ತಿ, ಮೊದಲು ನಾದಿನಿಯ ಕಡೆ ನೋಡಿ, ಆಮೇಲೆ ಮೂಗು ಯಾವ ಕಡೆ ಎಳೆಯುತ್ತದೋ ಆ ಕಡೆ ತಿರುಗಿ, ಗಂಡನನ್ನು ನೋಡಿದಳು.

“ಇದು ಕಾರಿಂದು” ಎಂದ ಅಣ್ಣ. “ಎಸಿ ನೀರು. ಕಾಲ ಮೇಲೆ ಬಿತ್ತು.”

“ಹೌದು ಸಾರ್” ಎಂದಳು ಡಾಕ್ಟರಮ್ಮ ಮಾಸ್ಕಿನೊಳಗಿಂದ. “ಪರ್ವಾಗಿಲ್ಲ ಸಾರ್. ಈ ಸೆಕೇಲಿ ಎಲ್ಲರಿಗೂ ಆಗುತ್ತೆ.”

“ಅಲ್ಲ ಡಾಕ್ಟ್ರೇ, ನಿಜವಾಗ್ಲೂ ಕಾರಿಂದೇ.”

“ಹೌದು ಹೌದು” ಎಂದು ಅತ್ತಿಗೆಯ ತಮ್ಮನೂ ತಲೆ ಆಡಿಸಿದ.

ಅಣ್ಣನ ಕಿವಿ ಕೆಂಪಾಯಿತು. ಅವನು ಹೆಂಡತಿಯ ಕಡೆ ತಿರುಗಿದ. ಅತ್ತಿಗೆ ನಿನ್ನೆಯಿಂದ ಕೌಂಟರಿನ ಮೇಲೆಯೇ ಬಿದ್ದಿದ್ದ ಸೆಂಟಿನ ಬಾಟಲಿಯನ್ನು ಒಂದು ಬೆರಳಿನಿಂದ ಗಂಡನ ಕಡೆ ಸರಿಸಿದಳು. ಕೆಟ್ಟ ಮನಸ್ಸಿನಿಂದಲ್ಲ, ಅವಳಿಗೆ ಆ ಹೊತ್ತಿಗೆ ತೋಚಿದ್ದು ಅದು.

“ಹೇಳೇ ನೀನು” ಎಂದ ಅಣ್ಣ ತಂಗಿಗೆ. ದನಿಯಲ್ಲಿ ಮೊದಲ ಸಲ ಒಂದು ಬೇಡಿಕೆ ಇತ್ತು. “ಏನಾಯ್ತು ಅಂತ ಹೇಳು ಇವರಿಗೆ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಣ್ಣನದು ಹೋಗಿ ಈಗಷ್ಟೇ ಅರೆಗಳಿಗೆ ಆಗಿತ್ತು, ಅವಳ ಒಂದು ಮಾತಿಗೆ ವಾಪಸ್ಸು ಬರುತ್ತಿತ್ತು. ಅವಳು ಅವನ ಮುಖವನ್ನು ಚೆನ್ನಾಗಿ ನೋಡಿದಳು. ಕಾರಿನಡಿ ಅಂಗಿ ಕಳಚಿ ಮಲಗಿದ್ದ ಅಣ್ಣನೂ ಅಲ್ಲೇ ಎಲ್ಲೋ ಇದ್ದ. ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು.

“ನಾನು ಹೇಳಿದ್ರೆ ಯಾರು ನಂಬ್ತಾರಣ್ಣ?” ಎಂದಳು.

ಕೀಲಿ ಕೈಯಲ್ಲೇ ಇತ್ತು. “ಬನ್ನಿ ಡಾಕ್ಟ್ರೇ, ಹೊತ್ತಾಯ್ತು. ಮಾಸ್ಕ್ ಇಲ್ಲೇ ಬಿಟ್ಟು ಬನ್ನಿ, ಗ್ಲಾಸು ಇಳಿಸಿದೀನಿ” ಎಂದು ಹೊರಗೆ ನಡೆದಳು. ದಾರಿಗೆ ಅಡ್ಡ ಚಾಚಿದ್ದ ಕಾಲನ್ನು ಅತ್ತಿಗೆಯ ತಮ್ಮ ತಾನಾಗಿಯೇ ಮಡಿಸಿಕೊಂಡ.

ಅಣ್ಣ ಅಭ್ಯಾಸಬಲದಿಂದ “ಗ್ಲಾಸು” ಎಂದ. ಅಷ್ಟಕ್ಕೇ ನಿಲ್ಲಿಸಿದ. ಹೊರಗೆ ಕಾರು ಎರಡು ಸಲ ಎಗರಿ ನಿಂತಿತು. ಆಮೇಲೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಔಷಧದ ಅಂಗಡಿಯವನು ಬಾಗಿಲಿಗೆ ಬಂದು ನೋಡುವ ಹಾಗೆ, ಬ್ರೇಕಮ್ಮನ ದನಿ ಕೇಳಿಸಿತು: “ಕ್ಲಚ್ಚು ಹಲ್ಲಲ್ಲ ಡಾಕ್ಟ್ರೇ, ಒಂದೇ ಸಲಕ್ಕೆ ಕೀಳೋಕೆ. ಮೆಲ್ಲಗೆ ಬಿಡಿ ಅಂದ್ನಲ್ಲ.”

ಆಫೀಸಿನಲ್ಲಿ ಅಣ್ಣ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.